‘ಪರವಾಗಿಲ್ಲ’ಕ್ಕೂ ಒಂದು ಲೆಕ್ಕ

ಮೊನ್ನೆ ನಾನೇ ಮಾಡಿದ ಒಂದು ಮಾರ್ಕ್ಸ್ ಶೀಟು ಹನುಮಂತರಾಯಪ್ಪನವರ ಶೆಡ್ಡಿಗೆ ಬೀಗ ಹಾಕಿಸಲು ಹೊರಟಿತ್ತು.

ನಾನೇನು ಕೆಟ್ಟವನಲ್ಲ. (ಮನೆಯಲ್ಲಿ ಬೇರೆ ಅಭಿಪ್ರಾಯವಿದೆ.) ಪೀಣ್ಯದಲ್ಲಿ, ಎಣ್ಣೆ ಹಾಯಿಸುವ ಪಂಪ್ ಮಾಡುವ ಫ್ಯಾಕ್ಟರಿಯೊಂದರ ಪರ್ಚೇಸ್ ಮ್ಯಾನೇಜರ್, ಅಷ್ಟೆ. ಹನುಮಂತರಾಯಪ್ಪ ನಮಗೆ ರಬ್ಬರ್ ವಾಷರ್ ಕಳಿಸುವವರು. ಇಲ್ಲೇ ಹತ್ತಿರದ ಮಾಕಳಿ ಊರಿನವರು. ಹೊಲದ ತುದಿಯಲ್ಲಿ ಶೆಡ್ ಹಾಕಿಕೊಂಡು ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದಾರೆ. ಅವರ ಮಾಲು ಕೊಳ್ಳುವವರು ನಾವೊಬ್ಬರೇ.

ಈ ವರ್ಷದ ಆರ್ಡರ್ ಯಾರಿಗೆ ಎಂದು, ಮಾಲು ಕಳಿಸುವವರಿಗೆಲ್ಲ ಮಾರ್ಕ್ಸ್ ಹಾಕುವ ಆ ಶೀಟ್ ತೆಗೆದರೆ, ಅವರ ಹೆಸರು ಕೆಂಪು, ಅಂದರೆ ಫೇಲ್! ಕಾರಣ? ಲೇಟ್. ಹೇಳಿದ ದಿನ ಬಂದರೆ ಪೂರ್ತಿ ಮಾರ್ಕ್ಸ್, ಒಂದು ದಿನ ತಡವಾದರೂ ಸೊನ್ನೆ. ಹತ್ತು ದಿನ ತಡವಾದರೂ ಅದೇ ಸೊನ್ನೆ. ಶಿಸ್ತು ಅಂದರೆ ಇದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

“ಸಾರ್, ಫಜಿ ಲಾಜಿಕ್ ಹಾಕಿ ನೋಡೋಣ್ವಾ?” ಅಂದಳು ಹೊಸದಾಗಿ ಸೇರಿದ ಸವಿತಾ. ಹೌದು, ಇಲ್ಲ ಎರಡೇ ಅಲ್ಲದೆ ‘ಸ್ವಲ್ಪ’, ‘ಸುಮಾರು’, ‘ಪರವಾಗಿಲ್ಲ’ ಎಂಬ ಮಾತುಗಳಿಗೂ ಜಾಗ ಕೊಡುವ ಗಣಿತವಂತೆ. ನಾನು ನಕ್ಕೆ. ‘ಪರವಾಗಿಲ್ಲ’ಕ್ಕೂ ಫಾರ್ಮುಲಾನಾ?

ಆಕೆ ಕಂಪ್ಯೂಟರ್ ಮುಂದೆ ಕೂರಲೇ ಇಲ್ಲ ಕಣ್ರೀ. ನನ್ನನ್ನೂ ಎಳೆದುಕೊಂಡು ನೇರ ಸ್ಟೋರಿಗೆ ಹೋಗಿ, ಸ್ಟೋರ್ ನೋಡಿಕೊಳ್ಳುವ ನಂಜಪ್ಪನವರನ್ನು ಕೇಳಿದಳು: “ಅಣ್ಣ, ಎಷ್ಟು ಲೇಟಾದ್ರೆ ನಿಜವಾಗ್ಲೂ ತೊಂದ್ರೆ?”

“ಒಂದಿನ ಆದ್ರೆ ಗೊತ್ತೇ ಆಗಲ್ಲಮ್ಮ. ಎರಡು ದಿನ ಎಂಗೋ ಎಳೀತೀವಿ. ನಾಲ್ಕಾದ್ರೆ ಪಂಪ್ ಜೋಡ್ಸೋ ಲೈನೇ ನಿಂತೋಗ್ತದೆ.”

“ಹನುಮಂತರಾಯಪ್ಪನವ್ರು ಯಾಕೆ ಯಾವಾಗ್ಲೂ ಒಂದಿನ ಲೇಟು?”

“ಕಳ್ಸೋಕ್ ಮುಂಚೆ ಒಂದಿನ ವಾಷರ್‌ನ ಎಣ್ಣೇಲಿ ನೆನೆಸಿ ನೋಡ್ತಾರೆ. ಉಬ್ಬಿದ್ರೆ ಆ ಮಾಲು ಕಳ್ಸಲ್ಲ. ಸಾರ್, ನಿಮ್ಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ನಾಚಿಕೆಯಾಯಿತು.

ನಂಜಪ್ಪನವರ ಮಾತನ್ನೇ ಸವಿತಾ ಲೆಕ್ಕಕ್ಕಿಳಿಸಿದಳು. ದಯೆ ದಾಕ್ಷಿಣ್ಯ ಏನೂ ತೋರಿಸಲಿಲ್ಲ. ‘ಸ್ವಲ್ಪ ಲೇಟ್’ಗೆ ಮಾರ್ಕ್ಸ್ ಕಡಿಮೆಯಾಗಿಯೇ ಬಂತು. ಆದರೆ ‘ತುಂಬಾ ಒಳ್ಳೆ ಮಾಲು’ ಎಂಬುದಕ್ಕೆ ಸಿಕ್ಕ ಮಾರ್ಕ್ಸ್ ಆ ಕೊರತೆ ತುಂಬಿತು. ಹನುಮಂತರಾಯಪ್ಪ ಕೂದಲೆಳೆಯ ಅಂತರದಲ್ಲಿ ಮೊದಲು! ಆ ಹುಡುಗಿಯ ತಲೆಗೆ ನಿಜಕ್ಕೂ ಶರಣು. ಓದಿದ್ದನ್ನು ಸ್ಟೋರ್ ರೂಮಿನ ತನಕ ನಡೆಸಿಕೊಂಡು ಹೋಗುವವರು ಎಷ್ಟು ಜನ ಇದ್ದಾರೆ ಹೇಳಿ?

ಖುಷಿಯಿಂದ ನಾನೇ ಫೋನ್ ಮಾಡಿ, ಆರ್ಡರ್ ನಿಮ್ಮದೇ ಅಂದೆ.

“ಕೆಂಪು ಬಿದ್ದೈತೆ ಅಂತ ನಿಮ್ ಆಫೀಸ್ನಿಂದ್ಲೇ ಗೊತ್ತಾಗಿತ್ತು ಸಾ,” ಅಂದರು. “ಎದೆ ಒಡೆದೋಗಿತ್ತು. ಇನ್ಮೇಲೆ ಒಂದಿನಾನೂ ಲೇಟಾಗಲ್ಲ. ಗೊತ್ತಾದ್ ದಿನದಿಂದ್ಲೇ ಎಣ್ಣೇಲಿ ನೆನೆಸಾದ್ ಬಿಟ್ಬುಟ್ಟಿವ್ನಿ.”

ಪರ್ಚೇಸ್ ಮ್ಯಾನೇಜರೊಬ್ಬ ಫೋನಿನಲ್ಲೇ ಕೈಮುಗಿದು ‘ದಯವಿಟ್ಟು ಲೇಟಾಗಿ ಕಳಿಸಿ ಸ್ವಾಮಿ’ ಎಂದು ಬೇಡಿಕೊಂಡಿದ್ದು ಪೀಣ್ಯದಲ್ಲಿ ಇದೇ ಮೊದಲಿರಬೇಕು!