ಮಿಕ್ಸಿಗೊಂದು ಬೀಗ

ಇವತ್ತು ಬೆಳಿಗ್ಗೆ ಹುರಿದ ಶೇಂಗಾದ ವಾಸನೆ ಅಡುಗೆಮನೆ ತುಂಬಿತ್ತು. ಹಿಂಡಿ, ಅದೇ ಶೇಂಗಾ ಚಟ್ನಿಪುಡಿ, ಮಾಡೋಣವೆಂದು ಜಾರಿಗೆ ಎಲ್ಲ ಸುರಿದಿಟ್ಟರೆ, ಮಿಕ್ಸಿ ನಮ್ಮವರ ಮುಂದೆ ಬಿಚ್ಚಿಕೊಂಡು ಕೂತಿತ್ತು. ಅದರ ಪ್ಲಗ್ಗಿಗೆ ಕೆಂಪು ಬೀಗ. ನಗಬೇಡಿ. ಮದುವೆಯಾಗಿ ಹನ್ನೊಂದು ವರ್ಷ ನಾನೂ ನಕ್ಕವಳೇ.

ನಮ್ಮವರು ಬಾಲಾನಗರದ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಮಾಡುವವರು. ಅಲ್ಲಿ ಯಂತ್ರಕ್ಕೆ ಕೈ ಹಾಕುವವನು ಮೊದಲು ಕರೆಂಟು ತೆಗೆದು, ತನ್ನದೇ ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿ, ತನ್ನ ಫೋಟೊ ಇರುವ ಚೀಟಿ ತೂಗುಹಾಕಬೇಕಂತೆ. ಒಳ್ಳೆಯ ಪದ್ಧತಿಯೇ. ಕೂಕಟ್‌ಪಲ್ಲಿಯ ಎರಡು ಕೋಣೆಯ ಫ್ಲ್ಯಾಟಿಗೆ ಸ್ವಲ್ಪ ಹೆಚ್ಚಾಯಿತು, ಅಷ್ಟೆ.

ಒಂದು ಯುಗಾದಿಗೆ ಅವರ ಅಕ್ಕ ಕಲಬುರಗಿಯಿಂದ ಬರುವವರಿದ್ದರು. ಹೋಳಿಗೆಗೆ ಬೇಳೆ ಬೆಂದಿತ್ತು. ನೋಡಿದರೆ ಮಿಕ್ಸಿಯ ರಿಪೇರಿ ಮುಗಿದಿದೆ, ಬೀಗ ತೆಗೆದಿಲ್ಲ; ಕಾರ್ಖಾನೆಯಿಂದ ತುರ್ತು ಕರೆ ಬಂದು ಇವರು ಕೀಲಿಕೈ ಸಮೇತ ಹೊರಟುಹೋಗಿದ್ದಾರೆ. ಒಳಗೆ ಬಂದ ಅಕ್ಕಾರು ಮಿಕ್ಸಿಯ ಕೊರಳಲ್ಲಿ ತೂಗುತ್ತಿದ್ದ ತಮ್ಮನ ಫೋಟೊ ನೋಡಿ ಎದೆ ಹಿಡಿದುಕೊಂಡರು. "ಇದೇನ ಯವ್ವಾ! ಹಾರ ಒಂದ ಹಾಕೋದು ಬಾಕಿ ಐತಲ್ಲ!"

"ನಿಮ್ಮ ತಮ್ಮಗ ಮಿಕ್ಸಿ ಅಂದ್ರ ಹುಲಿ ಇದ್ದಂಗರಿ, ಅಕ್ಕಾರ."

ಬೇಳೆಯನ್ನು ಸೌಟಿನ ಬೆನ್ನಿನಿಂದಲೇ ಮಸೆದೆ. ಹೋಳಿಗೆಗಳು ಹಂಚಿನ ಮೇಲೆ ಬಾಯಿ ಬಿಟ್ಟವು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ದನಿ ಏರಿಸದೆ ಚುಚ್ಚುವುದನ್ನು ಚೆನ್ನಾಗಿ ಕಲಿಸಿದ್ದರು. ಇವರು ಬಂದು ಊಟಕ್ಕೆ ಕೂತೊಡನೆ ಮೃದುವಾಗಿಯೇ ಅಂದೆ: "ಇಷ್ಟು ಅಂಜುಬುರುಕ ಗಂಡಸನ್ನ ನಾ ಎಲ್ಲೂ ನೋಡಿಲ್ರಿ."

ಅಕ್ಕಾರು ಕಿಸಕ್ಕನೆ ನಕ್ಕರು. ಇವರು ನಗಲಿಲ್ಲ. ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸು ಹೋಯಿತು.

"ಮೊದಲ ನಾಚಾರಂದ ಕಾರ್ಖಾನ್ಯಾಗ ಕೆಲಸಕ್ಕಿದ್ದಾಗ," ಎಂದರು, "ನಮ್ಮ ಕಡೆಯಾಂವ ಒಬ್ಬ ಮಷೀನಿನೊಳಗ ಕೈ ಹಾಕಿ ಒರಸಾಕತ್ತಿದ್ದ. ನನಗ ಕಾಣಲಿಲ್ಲ. ಸ್ವಿಚ್ ಹಾಕಿದಾಂವ ನಾನ."

ತಟ್ಟೆ ಪಕ್ಕಕ್ಕೆ ಸರಿಸಿ ಮುಂದುವರಿಸಿದರು.

"ಎರಡು ಬೆರಳು ಹೋದವು. ದವಾಖಾನಿಗೆ ನೋಡಾಕ ಹೋದ್ರ, 'ಇರ್ಲಿ ಬಿಡ್ರಿ ಅಣ್ಣಾ, ಇನ್ನ ಎಂಟ ಅದಾವ' ಅಂತ ನಕ್ಕ. ಬೈಬೇಕಿತ್ತು ಅಂವ. ಒಂದ ಮಾತರ ಬೈಬೇಕಿತ್ತು."

ಸೀರೆಯ ಅಂಚಿನಲ್ಲಿ ಒಂದು ದಾರ ಎದ್ದರೂ ಕಾಣುವ ನನ್ನ ಕಣ್ಣಿಗೆ ಅಂದು ಹೊಸದೊಂದು ಕಂಡಿತು: ಇವರು ಮಿಕ್ಸಿ ಬಿಚ್ಚುತ್ತಾರೆ, ಒರೆಸುತ್ತಾರೆ, ಜೋಡಿಸುತ್ತಾರೆ, ಸ್ವಿಚ್ಚು ಮಾತ್ರ ಯಾವತ್ತೂ ನನ್ನ ಕೈಯಿಂದಲೇ.

ಇವತ್ತೂ ಮಿಕ್ಸಿ ಜೋಡಿಸಿ, ಬೀಗ ತೆಗೆದು, ಜಾರು ಕೂರಿಸಿ, "ಹಾಕು" ಎಂದು ಪಕ್ಕಕ್ಕೆ ಸರಿದರು. ನಾನು ಎರಡೂ ಅಂಗೈ ಅವರ ಮುಖದ ಮುಂದೆ ಹಿಡಿದೆ.

"ಎಣಸ್ರಿ."

"ಏನ ಹುಚ್ಚಾಟ?" ಎಂದರೂ ಎಣಿಸಿದರು, ಹೆಬ್ಬೆರಳಿನಿಂದ ಶುರುಮಾಡಿ. "ಹತ್ತು."

"ಹಂಗಾರ ನೀವ ಹಾಕ್ರಿ."

ಬಹಳ ಹೊತ್ತು ಸ್ವಿಚ್ಚನ್ನೇ ನೋಡಿದರು. ಆಮೇಲೆ ಹಾಕಿದರು. ಎರಡೂ ಕೈ ಎತ್ತಿ ನಿಂತಿದ್ದ ನಾನು ಜಾರಿಗೆ ಮುಚ್ಚಳ ಹಾಕಿಯೇ ಇರಲಿಲ್ಲ. ಶೇಂಗಾ, ಖಾರ, ಬೆಳ್ಳುಳ್ಳಿ ಎಲ್ಲ ಛಾವಣಿಗೆ ಹಾರಿ ನಮ್ಮಿಬ್ಬರ ತಲೆಯ ಮೇಲಿಳಿಯಿತು.

ಮಿಕ್ಸಿ ನಿಲ್ಲಿಸಿ ನಾನು ಬೈದೆ. "ಕಣ್ಣ ಅದಾವೋ ಇಲ್ಲೋ ನಿಮಗ? ಸ್ವಿಚ್ ಹಾಕೂಕಿಂತ ಮೊದಲ ನೋಡಬೇಕು ಅನ್ನೂದು ತಿಳ್ಯಾಂಗಿಲ್ಲೇನು?" ಪಕ್ಕದ ಫ್ಲ್ಯಾಟಿಗೆ ಕೇಳುವಷ್ಟು ಬೈದೆ. ಇವರು ಹುಬ್ಬಿನ ಮೇಲೆ ಹಿಂಡಿ ಹೊತ್ತು ನಿಂತು, ಒಂದು ಮಾತೂ ಬಿಡದೆ ಕೇಳಿಸಿಕೊಂಡರು.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಕೇಳಿದರು: "ಮುಗೀತೇನ? ಇನ್ನಷ್ಟು ಇದ್ರ ಬೈ."