ಬಿರಡೆಗೆ ಮೂರನೇ ಕೈ

ಬಹ್ರೈನಿನ ಗುಫೂಲ್ ಬಡಾವಣೆಯ ನಮ್ಮ ಮನೆ ಖಾಲಿ ಮಾಡುವಾಗ ಹಳೆಯ ಫ್ಲಾಸ್ಕಿನ ಬಿರಡೆಯೊಂದು ಸಿಕ್ಕಿತು. ಮೂಸಿದರೆ ಇನ್ನೂ ಏಲಕ್ಕಿ. ಅಥವಾ ಏಲಕ್ಕಿ ಇರಲೇಬೇಕೆಂದು ನನ್ನ ಮೂಗೇ ಹಟ ಹಿಡಿಯಿತೋ...

ಎಂಬತ್ತರ ದಶಕದ ಕೊನೆ. ಮನಾಮಾದ ಒಂದು ಸಗಟು ಪಾತ್ರೆ ಅಂಗಡಿಯಲ್ಲಿ ನಾನು ಗುಮಾಸ್ತ. ಯಜಮಾನರು ಬಹ್ರೈನಿನವರೇ, ಅರ್ಬಾಬ್ ಎನ್ನುತ್ತಿದ್ದೆವು. ಒಂದು ಬೆಳಿಗ್ಗೆ ಚೀನಾದವರೊಬ್ಬರು ಬಂದರು, ಸೂಟ್‌ಕೇಸಿನ ತುಂಬ ಹೂವಿನ ಚಿತ್ರದ ಫ್ಲಾಸ್ಕುಗಳು. ಅವರ ಕೋಟು ಬೂದು ಎಂದು ಬರೆಯಹೊರಟೆ; ನೀಲಿಯೂ ಇದ್ದೀತು.

ಅವರದು ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಕಾರ್ಖಾನೆ. ಅಲ್ಲಿಯವರೆಗೆ ಮಾಲು ಹಾಂಗ್‌ಕಾಂಗ್ ವ್ಯಾಪಾರಿಗಳ ಹೆಸರು ಅಂಟಿಸಿಕೊಂಡೇ ಹೊರದೇಶಕ್ಕೆ ಹೋಗುತ್ತಿತ್ತಂತೆ. ಈ ಸಲ ಸ್ವಂತ ಹೆಸರಿನಲ್ಲಿ ಮಾರುವ ಆಸೆ. ಬರಿಗೈಲಿ ಮರಳಿದರೆ ಆ ಆಸೆ ಅಲ್ಲಿಗೇ ಮುಗಿಯಿತು ಎಂದು ಹರಕು ಇಂಗ್ಲಿಷಿನಲ್ಲಿ ನನಗೆ ಹೇಳಿದರು.

ಅತಿಥಿ ತಂದ ಫ್ಲಾಸ್ಕಿಗೇ ಅರ್ಬಾಬ್ ಏಲಕ್ಕಿ ಹಾಕಿದ ಕಾಫಿ ತುಂಬಿಸಿದರು. ಬಗ್ಗಿಸುವವನು ನಮ್ಮ ಡ್ರೈವರ್, ಉಳ್ಳಾಲದ ಬ್ಯಾರಿ. ಅಲ್ಲಿಯ ರೂಢಿಯಂತೆ ಎಡಗೈಯಲ್ಲಿ ಕಾಫಿ, ಬಲಗೈಯಲ್ಲಿ ಪುಟ್ಟ ಬಟ್ಟಲುಗಳು. ಹಾಗಾದರೆ ಬಿರಡೆ? ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಅರ್ಧ ಕಾಫಿ ಬಟ್ಟಲಿಗೆ, ಅರ್ಧ ಜಮಖಾನಕ್ಕೆ.

ಸಾಕೆನಿಸಿದಾಗ ಬಟ್ಟಲನ್ನು ಅಲ್ಲಾಡಿಸಬೇಕು. ಸುಮ್ಮನೆ ಚಾಚಿದರೆ ಮತ್ತೆ ತುಂಬುತ್ತಾರೆ. ಅತಿಥಿ ಚಾಚುತ್ತಲೇ ಇದ್ದರು.

"ಅಲ್ಲಾಡಿಸ್ಲಿಕ್ಕೆ ಹೇಳು ಮಾರಾಯ! ಇಲ್ಲದಿದ್ರೆ ಊರಿಂದ ನಂಗೆ ಇನ್ನೊಂದು ಕೈ ತರಿಸಿ ಕೊಡು," ಎಂದ ಡ್ರೈವರ್, ಬಿರಡೆಯ ಸಂದಿಯಿಂದ.

ಏನಂದನೆಂದು ಅತಿಥಿ ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಎದ್ದು ಬಂದು ಬಿರಡೆಯನ್ನು ಕೋಟಿನ ತೋಳಿಗೆ ಒರೆಸಿ, ತಾವೇ ಕಚ್ಚಿಕೊಂಡು, ಎರಡೂ ಕೈಯಲ್ಲಿ ಸಾಮಾನು ಹಿಡಿದು ಡ್ರೈವರನಿಗೆ ಬಗ್ಗಿಸಿದರು. ಪ್ಯಾಂಟು ಒದ್ದೆ. ಅರ್ಬಾಬ್ ಕಣ್ಣೊರೆಸಿಕೊಂಡು ನಕ್ಕರು. ಆದರೆ ಆರ್ಡರು ಕೊಡಲಿಲ್ಲ. ತಮ್ಮ ಹಿತ್ತಾಳೆ ಕಾಫಿ ಹೂಜಿಯ ಕೊಕ್ಕು ತೋರಿಸಿ, "ಇಂಥದ್ದು ಇಟ್ಟು ತನ್ನಿ, ಕೊಳ್ಳುತ್ತೇನೆ," ಎಂದರು. ಆ ಒಂದು ಮಾತು ಹೊತ್ತು ಅತಿಥಿ ಹೊರಟರು; ಬಿರಡೆಯ ಫ್ಲಾಸ್ಕು ನನ್ನ ಪಾಲಿಗೆ ಉಳಿಯಿತು.

ಮುಂದಿನ ಚಳಿಗಾಲಕ್ಕೆ ಬಂದೇ ಬಂದರು. ಫ್ಲಾಸ್ಕಿಗೆ ಕೊಕ್ಕು, ಹೆಬ್ಬೆರಳಿನಿಂದ ಒತ್ತುವ ಮುಚ್ಚಳ, ತಳದಲ್ಲಿ ಅವರದೇ ಕಾರ್ಖಾನೆಯ ಹೆಸರು. ಡ್ರೈವರನನ್ನು ಕೂರಿಸಿ ತಾವೇ ಬಗ್ಗಿಸಿದರು. ಒಂದು ಹನಿ ಚೆಲ್ಲಲಿಲ್ಲ.

"ಅವತ್ತು ನನ್ನನ್ನು ಕುಣಿಸಿದ್ರಲ್ಲ? ಇವತ್ತು ನಾನು ಅಲ್ಲಾಡಿಸುದಿಲ್ಲ," ಎಂದು ಡ್ರೈವರ್ ಬಟ್ಟಲು ಚಾಚುತ್ತಲೇ ಹೋದ. ಆ ಗಲಾಟೆಯ ನಡುವೆಯೇ ಅರ್ಬಾಬ್ ಆರ್ಡರಿಗೆ ಸಹಿ ಹಾಕಿದರು.

ಮೊದಲ ದಿನ ಆ ಚೀನಾದವರಿಗೆ ಪದ್ಧತಿ ತಿಳಿದಿರಲಿಲ್ಲವೋ, ಬಗ್ಗಿಸುವ ಕೈಯ ಪಾಡು ನೋಡಲೆಂದೇ ಕುಡಿದರೋ... "ಗೊತ್ತಿದ್ದೇ ಕುಡಿದದ್ದು, ಕಳ್ಳ!" ಎಂದು ಡ್ರೈವರ್ ಕೊನೆಯವರೆಗೂ ವಾದಿಸಿದ. ಕೆಲವು ವರ್ಷಗಳ ನಂತರ ಆ ಕಾರ್ಖಾನೆಯಿಂದ ಬೇರೊಬ್ಬ ಬಂದ, ಅವರು ತೀರಿಕೊಂಡರೆಂದ. ಈಗ ಡ್ರೈವರೂ ಇಲ್ಲ.

"ಶ್ಶೀ, ಹಲ್ಲಿನ ಗುರುತು ಉಂಟು ಇದ್ರಲ್ಲಿ. ಬಿಸಾಡಿ," ಎಂದಳು ಹೆಂಡತಿ.

ಬೆಳಕಿಗೆ ಹಿಡಿದು ನೋಡಿದೆ. ಗುರುತುಗಳು ಒಂದರ ಮೇಲೊಂದು ಬಿದ್ದಿವೆ. ಉಳ್ಳಾಲದ್ದು ಯಾವುದು, ಚೀನಾದ್ದು ಯಾವುದು, ತಿಳಿಯಲಿಲ್ಲ. ಜೇಬಿಗೆ ಹಾಕಿಕೊಂಡೆ.