ರಿಟೈರಾದ ಗಗನಯಾತ್ರಿ

ಮೂರನೇ ಸಲವೂ ನನ್ನ ಗಗನಯಾತ್ರಿ ಆಟ ಶುರುವಾಗೋ ಮೊದಲೇ ಸತ್ತ ಕಣ್ರಪ್ಪಾ. ಈ ಆಟದಲ್ಲಿ ಪಾತ್ರದ ಹಿಂದಿನ ಬದುಕನ್ನೆಲ್ಲ ದಾಳ ಹಾಕಿಯೇ ಬರೀಬೇಕು; ಸೈನ್ಯಕ್ಕೆ ಸೇರಿಸಿ ದಾಳ ಕೆಟ್ಟರೆ ಅಲ್ಲೇ ಸಾವು. ಅವನ ಬದುಕಿನ ನಾಲ್ಕು ವರ್ಷಕ್ಕೊಮ್ಮೆ, ಕೆಲಸದಲ್ಲಿ ಇರ್ತಾನೋ ಬಿಡ್ತಾನೋ ಅಂತ ನಾವೇ ಹೇಳ್ಬೇಕು.

ಪಕ್ಕದಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದ ಅಮ್ಮ, "ಯುದ್ಧಕ್ಕೆ ಯಾಕೋ ಕಳಿಸ್ತೀಯ? ಆ ಗ್ರಹದಲ್ಲಿ ಸರ್ಕಾರಿ ಆಫೀಸಿಲ್ವಾ?" ಅಂದ್ಲು.

ಗುಮಾಸ್ತನ್ನ ಮಾಡಿದೆ. ಬದುಕಿಕೊಂಡ.

"ಈಗ ಬಿಡಿಸ್ಲೇನಮ್ಮಾ?"

"ಸೇರಿದ ಕೆಲ್ಸ ಯಾರಾದ್ರೂ ಬಿಡ್ತಾರೇನಪ್ಪಾ? ಪೆನ್ಷನ್ ಬರ್ಲಿ."

ಪ್ರತಿ ಸಲ ಕೇಳಿದಾಗಲೂ ಅದೇ ಉತ್ತರ. ಕೊನೆಗೆ ಅವನಿಗೆ ಐವತ್ತೆಂಟಾಯ್ತು, ಮಂಡಿನೋವು ಬಂತು, ಒಂದು ನಕ್ಷತ್ರದ ಹತ್ರಕ್ಕೂ ಹೋಗಿಲ್ಲ.

ಭಾನುವಾರ ಆಟಕ್ಕೆ ಅವನನ್ನೇ ಕರ್ಕೊಂಡು ಬರ್ತೀನಿ, ನಗಬೇಡಿ. ಶಿಡ್ಲಘಟ್ಟದ ಆಫೀಸಿಗೆ ನಾನು ಗುಮಾಸ್ತನಾಗಿ ಸೇರಿ ಹನ್ನೆರಡು ವರ್ಷ ಆಯ್ತು. ಈ ಕೆಲ್ಸ ಬಿಡ್ಲಾ ಅಂತ ಅಮ್ಮನ್ನ ಕೇಳೋದನ್ನೂ ನಿಲ್ಲಿಸಿದೀನಿ.